ಜಪಾನಿನಲ್ಲಿ ಕಾರು ಓಡಿಸಲು ಅಂತರರಾಷ್ಟ್ರೀಯ ಚಾಲನಾ ಪರವಾನಗಿ: ಹೊರಡುವ ಮೊದಲು ಏನೇನು ಮಾಡಿಕೊಳ್ಳಬೇಕು?

ಕೆರೆದಂಡೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಬರುವ ಅಕ್ಟೋಬರ್ ತಿಂಗಳಲ್ಲಿ ನಾವು ಐದು ಜನ, ಅಂದರೆ ನಾನು, ನಮ್ಮ ಯಜಮಾನರು, ಐದು ವರ್ಷದ ಮಗಳು ಮತ್ತು ನನ್ನ ತಂದೆ ತಾಯಿ, ಹನ್ನೆರಡು ದಿನಗಳ ಮಟ್ಟಿಗೆ ಜಪಾನಿಗೆ ಹೊರಟಿದ್ದೇವೆ. ಟೋಕಿಯೊ, ಕ್ಯೋಟೊಗಳಲ್ಲಿ ರೈಲಿನಲ್ಲೇ ಓಡಾಡುತ್ತೇವೆ. ಆದರೆ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಊರಿಂದೂರಿಗೆ ದೂರ ಹೆಚ್ಚು, ತಾಯಿಯವರಿಗೆ ಮಂಡಿನೋವು ಇರುವುದರಿಂದ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಆದ್ದರಿಂದ ಅಲ್ಲಿ ನಾಲ್ಕು ದಿನ ಕಾರು ಬಾಡಿಗೆಗೆ ಪಡೆಯಬೇಕೆಂದಿದ್ದೇವೆ. ಯಜಮಾನರಿಗೆ ಚಾಲನೆ ಬರುವುದಿಲ್ಲ. ನಾನು ಮತ್ತು ತಂದೆಯವರು ಓಡಿಸಬೇಕು.

ನನಗಿರುವ ಗೊಂದಲಗಳು ಇವು. ವೀಸಾ ಇನ್ನೂ ಕೈಸೇರಿಲ್ಲ; ಅದು ಬರುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಐಡಿಪಿಗೆ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ, ಅರ್ಜಿ ಹಾಕಬಹುದೇ? ನನ್ನ ಡಿಎಲ್‌ನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಮಾತ್ರ ಇವೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್‌ಗಳು ಊರಿನ ಹೆಸರು, ತಂದೆಯ ಹೆಸರಾಗಿ ಪೂರ್ತಿ ಬಿಡಿಸಿಕೊಂಡಿವೆ, ಇದರಿಂದ ತೊಂದರೆಯಾಗುತ್ತದೆಯೇ? ತಂದೆಯವರಿಗೆ 61 ವರ್ಷ, ಅವರ ಡಿಎಲ್ ಅವಧಿ ಡಿಸೆಂಬರ್‌ಗೆ ಮುಗಿಯುತ್ತದೆ. ಈಗ ಇರುವ ಡಿಎಲ್ ಮೇಲೆಯೇ ಅವರಿಗೆ ಐಡಿಪಿ ಮಾಡಿಸುವುದೋ, ಮೊದಲು ನವೀಕರಿಸಿಕೊಳ್ಳುವುದೋ ತಿಳಿಯುತ್ತಿಲ್ಲ. ಸ್ವತಃ ಮಾಡಿಸಿಕೊಂಡವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಜೋಳದ ಹೊಲ, ಬೆಂಗಳೂರು

ಮೇಡಂ, ಕಳೆದ ವರ್ಷ ನಾನೇ ಮಾಡಿಸಿಕೊಂಡಿದ್ದರಿಂದ ಕ್ರಮವನ್ನು ಹೇಳುತ್ತೇನೆ. ಅರ್ಜಿಯನ್ನು ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಹಾಕಬೇಕು. ಕರ್ನಾಟಕವನ್ನು ಆರಿಸಿ, ಚಾಲನಾ ಪರವಾನಗಿಯ ಸೇವೆಗಳಿಗೆ ಹೋಗಿ, ಡಿಎಲ್ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟರೆ ನಿಮ್ಮ ದಾಖಲೆ ತೆರೆದುಕೊಳ್ಳುತ್ತದೆ. ಅಲ್ಲಿ ಕಾಣುವ ಸೇವೆಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪರವಾನಗಿ ಎಂಬುದನ್ನು ಗುರುತು ಮಾಡಬೇಕು. ಯಾವ ದೇಶಕ್ಕೆ ಹೋಗುತ್ತೀರಿ, ಎಷ್ಟು ದಿನ ಇರುತ್ತೀರಿ, ಪಾಸ್‌ಪೋರ್ಟ್ ಸಂಖ್ಯೆ ಏನು ಎಂಬುದನ್ನು ಕೇಳುತ್ತದೆ. ನಿಯಮದಲ್ಲಿರುವ ಶುಲ್ಕ 1,000 ರೂಪಾಯಿ. ಡಿಎಲ್, ಪಾಸ್‌ಪೋರ್ಟ್, ವಿಳಾಸದ ದಾಖಲೆ ಇವುಗಳ ಪ್ರತಿಗಳನ್ನು ಜಾಲತಾಣಕ್ಕೆ ಏರಿಸಿ, ಮೂಲಪ್ರತಿಗಳನ್ನು ಹಿಡಿದುಕೊಂಡು ಕಚೇರಿಗೆ ಹೋದೆ. ಎರಡು ಫೋಟೋ ಮತ್ತು ವಿಮಾನದ ಟಿಕೆಟಿನ ಪ್ರತಿಯನ್ನೂ ಒಯ್ದಿದ್ದೆ, ಎರಡನ್ನೂ ಕೇಳಿದರು.

ಮತ್ತೆ ಚಾಲನಾ ಪರೀಕ್ಷೆ ಇರುವುದಿಲ್ಲ. ಮಧ್ಯವರ್ತಿಗಳ ಅಗತ್ಯವೂ ಖಂಡಿತ ಇಲ್ಲ. ಕಚೇರಿಯ ಗೇಟಿನ ಬಳಿ ಒಬ್ಬರು ನನ್ನಿಂದ ಆರು ಸಾವಿರ ಕೇಳಿದ್ದರು. ಒಳಗೆ ಆಗಿದ್ದು ಇಪ್ಪತ್ತು ನಿಮಿಷದ ಕೆಲಸ.

ಹಳೆಯ ಕಡತ, ದಾವಣಗೆರೆ

ನಾನು ಸಾರಿಗೆ ಇಲಾಖೆಯಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ತಾಯಿ, ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಹೇಳುವ ಮೊದಲು ಈ ಪುಸ್ತಿಕೆ ಏನೆಂಬುದನ್ನು ಹೇಳಬೇಕು, ಏಕೆಂದರೆ ಬಹುಪಾಲು ಗೊಂದಲ ಹುಟ್ಟುವುದು ಅಲ್ಲಿಯೇ. ಐಡಿಪಿ ಎಂಬುದು ಹೊಸ ಪರವಾನಗಿ ಅಲ್ಲ. ನಿಮ್ಮ ಬಳಿ ಈಗಾಗಲೇ ಇರುವ ಪರವಾನಗಿಯನ್ನು ಪರದೇಶದ ಪೊಲೀಸರು ಓದಿ ಅರ್ಥಮಾಡಿಕೊಳ್ಳಲಿ ಎಂದು ಸರ್ಕಾರವೇ ಮೊಹರು ಹಾಕಿ ಕೊಡುವ ಭಾಷಾಂತರ ಅದು. ಆದ್ದರಿಂದಲೇ ಮೂಲ ಡಿಎಲ್ ಜೊತೆಗಿಲ್ಲದೆ ಅದನ್ನು ಒಂದನ್ನೇ ತೋರಿಸಿದರೆ ಎಲ್ಲಿಯೂ ನಡೆಯುವುದಿಲ್ಲ, ಡಿಎಲ್ ಅವಧಿ ಮುಗಿದ ದಿನವೇ ಅದರ ಅವಧಿಯೂ ಮುಗಿಯುತ್ತದೆ, ಡಿಎಲ್‌ನಲ್ಲಿ ಯಾವ ಬಗೆಯ ವಾಹನಕ್ಕೆ ಅನುಮತಿ ಇದೆಯೋ ಅದಕ್ಕೆ ಮಾತ್ರ ಅದರಲ್ಲಿ ಮೊಹರು ಬೀಳುತ್ತದೆ. ನಮ್ಮಲ್ಲಿ ಫೋನಿನಲ್ಲಿರುವ ಡಿಜಿಲಾಕರ್ ಪ್ರತಿಯನ್ನು ತೋರಿಸಿದರೆ ಪೊಲೀಸರು ಒಪ್ಪುತ್ತಾರೆ, ಹೊರದೇಶದಲ್ಲಿ ಆ ರೂಢಿಯನ್ನು ನಂಬಿಕೊಳ್ಳಬೇಡಿ. ಮೂಲ ಕಾರ್ಡೇ ಕೈಯಲ್ಲಿರಬೇಕು.

ವೀಸಾ ವಿಷಯ. ಮೊದಲು ಅರ್ಜಿಯ ಜೊತೆ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಎರಡನ್ನೂ ಕೇಳುತ್ತಿದ್ದೆವು. 2021ರ ಜನವರಿ 7ರ ಅಧಿಸೂಚನೆಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಎರಡನ್ನೂ ಕೈಬಿಟ್ಟಿತು. ಡಿಎಲ್ ಚಾಲ್ತಿಯಲ್ಲಿರುವವರಿಗೆ ಇನ್ನೊಂದು ವೈದ್ಯಕೀಯ ಪ್ರಮಾಣಪತ್ರ ಏಕೆ ಬೇಕು, ಇಳಿದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೋಗುವವರು ಮುಂಚಿತವಾಗಿ ವೀಸಾ ಎಲ್ಲಿಂದ ತಂದಾರು ಎಂಬುದು ಅದರ ಹಿಂದಿದ್ದ ನ್ಯಾಯವಾದ ಆಲೋಚನೆ. ಆದ್ದರಿಂದ ನೀವು ಈಗಲೇ ಅರ್ಜಿ ಹಾಕಬಹುದು. ಕೌಂಟರಿನಲ್ಲಿ ಯಾರಾದರೂ ವೀಸಾ ಕೇಳಿದರೆ ಈ ದಿನಾಂಕವನ್ನು ವಿನಯದಿಂದ ನೆನಪಿಸಿ. ಅದೇ ಅಧಿಸೂಚನೆಯ ಇನ್ನೊಂದು ಭಾಗ ಹೊರದೇಶದಲ್ಲಿರುವಾಗಲೇ ಐಡಿಪಿ ಅವಧಿ ಮುಗಿದವರಿಗೆ ಸಂಬಂಧಿಸಿದ್ದು: ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಿದರೆ ಅದು ಊರಿನ ಆರ್‌ಟಿಒಗೆ ಬಂದು, ಪುಸ್ತಿಕೆ ಅಲ್ಲಿನ ವಿಳಾಸಕ್ಕೆ ಕೊರಿಯರ್ ಆಗುತ್ತದೆ.

ತಂದೆಯವರ ವಿಷಯದಲ್ಲಿ ಮೊದಲು ಡಿಎಲ್ ನವೀಕರಣವನ್ನೇ ಮಾಡಿಸಿ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಇರುವಾಗಿನಿಂದಲೇ ನವೀಕರಿಸಿಕೊಳ್ಳಲು 2019ರ ತಿದ್ದುಪಡಿಯ ನಂತರ ಅವಕಾಶವಿದೆ, ಮತ್ತು ಅವರ ವಯಸ್ಸಿನವರಿಗೆ ಐದು ವರ್ಷಕ್ಕೆ ಕೊಡುತ್ತಾರೆ. ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಐಡಿಪಿ ಅರ್ಜಿಯ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹಾಗೆಯೇ ಅಕ್ಟೋಬರ್‌ಗೆ ಸಾಕಾಗುತ್ತದಲ್ಲ ಎಂದು ಹಳೆಯ ಡಿಎಲ್ ಮೇಲೆ ಮಾಡಿಸಿದರೂ ಕಾನೂನಿನ ಪ್ರಕಾರ ತಪ್ಪೇನಿಲ್ಲ, ಆದರೆ ಡಿಸೆಂಬರ್‌ಗೆ ಮುಗಿಯುವ ಪುಸ್ತಿಕೆಗೆ ಪೂರ್ತಿ ಶುಲ್ಕ ಕಟ್ಟಿದಂತಾಗುತ್ತದೆ.

ಇನಿಷಿಯಲ್ ಸಮಸ್ಯೆ ನಮ್ಮ ಕಡೆಯದೇ ಸಮಸ್ಯೆ. ಊರು, ತಂದೆ, ಮನೆತನ ಎಲ್ಲವನ್ನೂ ಒಂದೊಂದು ಅಕ್ಷರದಲ್ಲಿ ಮುಗಿಸುವ ನಮ್ಮ ಪದ್ಧತಿ ಪಾಸ್‌ಪೋರ್ಟಿನ ಎರಡು ಅಂಕಣಗಳಿಗೆ ಹೊಂದುವುದಿಲ್ಲ. ಪರದೇಶದ ಬಾಡಿಗೆ ಕೌಂಟರಿನಲ್ಲಿ ಕುಳಿತವರಿಗೆ ಒಂದು ಅಕ್ಷರ ಹೆಸರೇ ಅಲ್ಲ. ಸಮಯವಿದ್ದರೆ ಡಿಎಲ್‌ನಲ್ಲೇ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಿಕೊಂಡು, ಆಮೇಲೆ ಐಡಿಪಿಗೆ ಹೋಗುವುದು ಕ್ಷೇಮ.

ಬಾಳೆಕೊಪ್ಪ, ಶಿರಸಿ

ಹಿರಿಯರು ಹೇಳಿದ ಮಾತಿಗೆ ನನ್ನ ಅನುಭವವನ್ನೂ ಸೇರಿಸಬೇಕೆನಿಸಿತು, ಏಕೆಂದರೆ ಐಡಿಪಿ ಇದ್ದರೂ ನಾನು ಕಷ್ಟಕ್ಕೆ ಸಿಕ್ಕಿದೆ. ಎರಡು ವರ್ಷದ ಹಿಂದೆ ನಾನು ಮತ್ತು ಗೆಳೆಯ ವಿಯೆಟ್ನಾಂ ದೇಶಕ್ಕೆ ಹೋಗಿದ್ದೆವು. ನಮ್ಮ ಡಿಎಲ್‌ನಲ್ಲಿ ಕಾರು, ಗೇರ್ ಇರುವ ಬೈಕು ಎರಡಕ್ಕೂ ಅನುಮತಿ ಇತ್ತು, ಊರಿನ ಆರ್‌ಟಿಒದಲ್ಲಿ ಐಡಿಪಿಯನ್ನೂ ಮಾಡಿಸಿಕೊಂಡಿದ್ದೆವು. ಸ್ಕೂಟರ್ ಬಾಡಿಗೆಗೆ ಕೊಟ್ಟವರು ಅದನ್ನು ತೆರೆದೂ ನೋಡಲಿಲ್ಲ. ಮೂರನೆಯ ದಿನ ಮಳೆ ನಿಂತ ಮೇಲೆ ಇಳಿಜಾರಿನ ತಿರುವಿನಲ್ಲಿ ಚಕ್ರ ಜಾರಿ ಬಿದ್ದೆ; ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಬಂದ ಪೊಲೀಸರು ಪುಸ್ತಿಕೆಯ ಹೊದಿಕೆಯ ಮೇಲಿದ್ದ ಇಸವಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಅಲ್ಲಿ 1949 ಎಂದಿತ್ತು. ಆ ದೇಶ ಒಪ್ಪುವುದು 1968ರ ಒಪ್ಪಂದದ ಐಡಿಪಿಯನ್ನು ಮಾತ್ರ ಎಂಬುದು ನನಗೆ ತಿಳಿದದ್ದು ಆ ಮಂಚದ ಮೇಲೆ ಮಲಗಿದ್ದಾಗ. ಕಾನೂನಿನ ಕಣ್ಣಿನಲ್ಲಿ ನಾನು ಪರವಾನಗಿ ಇಲ್ಲದೆ ಓಡಿಸಿದವನು. ದಂಡವೇನೋ ಕಟ್ಟಿದೆ, ಆದರೆ ಪ್ರವಾಸದ ವಿಮೆಯವರು ಅದೇ ಕಾರಣ ಹೇಳಿ ಆಸ್ಪತ್ರೆಯ ಖರ್ಚನ್ನು ನಿರಾಕರಿಸಿದರು. ಮನೆಯಲ್ಲಿ ಅಡಿಕೆ ಮಾರಿ ಇಟ್ಟಿದ್ದ ಹಣ ಅದಕ್ಕೆ ಹೋಯಿತು.

ನಾನು ಹೋಗುವ ದೇಶ ಯಾವ ಒಪ್ಪಂದಕ್ಕೆ ಸೇರಿದೆ ಎಂಬ ಒಂದು ಪ್ರಶ್ನೆಯನ್ನು ಹೊರಡುವ ಮೊದಲು ಕೇಳಿಕೊಂಡಿದ್ದರೆ ಸ್ಕೂಟರಿನ ಹತ್ತಿರವೂ ಹೋಗುತ್ತಿರಲಿಲ್ಲ.

ಹಳೆಯ ಕಡತ, ದಾವಣಗೆರೆ

ಬಹಳ ಮುಖ್ಯವಾದ ವಿಷಯವನ್ನು ಹೇಳಿದಿರಿ. ನೋವು ತಿಂದು ಕಲಿತದ್ದನ್ನು ಹಂಚಿಕೊಂಡಿದ್ದಕ್ಕೆ ಕೃತಜ್ಞತೆಗಳು. ಇದರ ಹಿನ್ನೆಲೆಯನ್ನು ಸ್ವಲ್ಪ ವಿವರಿಸುತ್ತೇನೆ. ರಸ್ತೆ ಸಂಚಾರದ ಬಗ್ಗೆ ದೇಶಗಳು ಬೇರೆ ಬೇರೆ ಕಾಲದಲ್ಲಿ ಮಾಡಿಕೊಂಡ ಒಪ್ಪಂದಗಳಿವೆ: 1926ರಲ್ಲಿ ಪ್ಯಾರಿಸ್, 1949ರಲ್ಲಿ ಜಿನೀವಾ, 1968ರಲ್ಲಿ ವಿಯೆನ್ನಾ. ಭಾರತ ಐಡಿಪಿ ಕೊಡುವುದು ಜಿನೀವಾ ಒಪ್ಪಂದದ ಸದಸ್ಯನಾಗಿ. ಆ ಒಪ್ಪಂದದ ಪುಸ್ತಿಕೆಗೆ ಬೂದು ಬಣ್ಣದ ಹೊದಿಕೆ, ಬಿಳಿಯ ಪುಟಗಳು. ಅವಧಿ ಒಂದು ವರ್ಷ. ವಿಯೆನ್ನಾ ಒಪ್ಪಂದದ್ದು ಗರಿಷ್ಠ ಮೂರು ವರ್ಷದವರೆಗೆ ನಡೆಯುತ್ತದೆ. ಎರಡನ್ನೂ ಒಪ್ಪುವ ದೇಶಗಳಿವೆ, ಉದಾಹರಣೆಗೆ ದಕ್ಷಿಣ ಕೊರಿಯಾ. ಜಪಾನ್ ಮಾತ್ರ ವಿಯೆಟ್ನಾಂಗೆ ಸರಿಯಾಗಿ ಎದುರು: ಅಲ್ಲಿ 1949ರ ಮಾದರಿಯದನ್ನು ಬಿಟ್ಟರೆ ಬೇರೆ ಐಡಿಪಿ ನಡೆಯುವುದಿಲ್ಲ. ಮೈಸೂರಿನ ಮೇಡಂ ಅವರ ಪಾಲಿಗೆ ಇದು ಒಳ್ಳೆಯ ಸುದ್ದಿ. ಚೀನಾದ ಮುಖ್ಯಭೂಮಿಯಲ್ಲಿ ಯಾವ ಐಡಿಪಿಗೂ ಬೆಲೆಯಿಲ್ಲ.

ನಮ್ಮಲ್ಲಿ ಮೊದಲು ಒಂದೊಂದು ರಾಜ್ಯದ ಪುಸ್ತಿಕೆ ಒಂದೊಂದು ಗಾತ್ರ, ಒಂದೊಂದು ಬಣ್ಣದಲ್ಲಿ ಇರುತ್ತಿದ್ದುದರಿಂದ ಹೊರದೇಶದಲ್ಲಿ ಇದು ಅಸಲಿಯೋ ನಕಲಿಯೋ ಎಂದು ಜನರನ್ನು ನಿಲ್ಲಿಸಿಕೊಳ್ಳುತ್ತಿದ್ದರು. 2022ರ ಆಗಸ್ಟ್ 26ರ ಅಧಿಸೂಚನೆ ಇಡೀ ದೇಶಕ್ಕೆ ಒಂದೇ ನಮೂನೆಯನ್ನು ತಂದಿತು. ಈಗ ಅದರಲ್ಲಿ ಡಿಎಲ್‌ಗೆ ಜೋಡಿಸಿದ ಕ್ಯೂಆರ್ ಕೋಡ್ ಕೂಡ ಇರುತ್ತದೆ.

ಮಲ್ಪೆ ಕಡಲು, ದುಬೈ

ಕೊಲ್ಲಿ ದೇಶಗಳಿಗೆ ಬರುವ ಕರಾವಳಿಯ ಹುಡುಗರಿಗಾಗಿ ಈ ಮಾತು. ಭಾರತದಿಂದ ಪ್ರವಾಸಿ ವೀಸಾದಲ್ಲಿ ಇಲ್ಲಿಗೆ ಬಂದವರು ಊರಿನ ಡಿಎಲ್ ಮತ್ತು ಐಡಿಪಿ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ಆದರೆ ನಿವಾಸಿ ವೀಸಾ ಆದ ಮೇಲೆ ಅದರ ಬಲ ಮುಗಿಯಿತು. ಪುಸ್ತಿಕೆಯಲ್ಲಿ ಇನ್ನೂ ಎಂಟು ತಿಂಗಳಿದೆ ಎಂದರೂ ಕೇಳುವುದಿಲ್ಲ, ಇಲ್ಲಿನ ತರಬೇತಿ ಮುಗಿಸಿ ಇಲ್ಲಿಯ ಪರವಾನಗಿಯನ್ನೇ ಪಡೆಯಬೇಕು. ನನ್ನ ಭಾವ ಉಡುಪಿಯಲ್ಲಿ ಹದಿನೈದು ವರ್ಷ ಟೆಂಪೋ ಓಡಿಸಿದವರು, ಇಲ್ಲಿ ಮತ್ತೆ ತರಗತಿಯಲ್ಲಿ ಕುಳಿತರು. ಕೆಲಸಕ್ಕೆಂದು ಬರುವವರು ಐಡಿಪಿ ನಂಬಿಕೊಂಡು ಚಾಲಕನ ಹುದ್ದೆಗೆ ಒಪ್ಪಿಕೊಳ್ಳಬೇಡಿ.

ಒಗ್ಗರಣೆ, ಹುಬ್ಬಳ್ಳಿ

ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಮಗಳು ಇಂಗ್ಲೆಂಡಿನಲ್ಲಿ. ಅಲ್ಲಿಗೆ ಹೋಗುವಾಗಲೂ ಇದು ಬೇಕಾಗುತ್ತದೆಯೇ? ನಮ್ಮ ಡಿಎಲ್ ಇಂಗ್ಲಿಷಿನಲ್ಲಿಯೇ ಇದೆಯಲ್ಲವೇ?

ಜೋಳದ ಹೊಲ, ಬೆಂಗಳೂರು

ಅಮ್ಮ, ಇಂಗ್ಲೆಂಡಿಗೆ ಭೇಟಿಗೆಂದು ಹೋದವರು ಭಾರತದ ಡಿಎಲ್ ಮೇಲೆಯೇ ಹನ್ನೆರಡು ತಿಂಗಳವರೆಗೆ ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗೆ ತನ್ನ ದೇಶದ ಚಾಲ್ತಿ ಪರವಾನಗಿ ಸಾಕು, ಐಡಿಪಿಯನ್ನು ಅಲ್ಲಿ ಪರವಾನಗಿಯೆಂದು ಪರಿಗಣಿಸುವುದೇ ಇಲ್ಲ. ಆದರೆ ಬಾಡಿಗೆ ಕಂಪನಿಗಳು ತಮ್ಮದೇ ಷರತ್ತಿನಂತೆ ಅದನ್ನು ಕೇಳುವುದುಂಟು, ಆದ್ದರಿಂದ ಕಾಯ್ದಿರಿಸುವಾಗ ಅವರ ಷರತ್ತುಗಳನ್ನು ಪೂರ್ತಿ ಓದಬೇಕು. ಇಟಲಿ, ಆಸ್ಟ್ರಿಯಾ, ಗ್ರೀಸ್‌ನಂಥ ಕಡೆ ಐಡಿಪಿ ಇಲ್ಲದೆ ನಮ್ಮ ಡಿಎಲ್ ಒಂದನ್ನೇ ಹಿಡಿದು ಕಾರು ಹತ್ತಬಾರದು.

ಮಲ್ಲಿಗೆ ದಂಡೆ, ಯೊಕೊಹಾಮಾ

ಕೆರೆದಂಡೆಯವರೇ, ನಾನು ಜಪಾನಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಊರಿನಿಂದ ಬಂದ ಬಂಧುಗಳನ್ನು ಬಾಡಿಗೆ ಕಾರಿನ ಕೌಂಟರಿಗೆ ಕರೆದೊಯ್ದು ಅಭ್ಯಾಸವಿದೆ. ಅಲ್ಲಿ ನಡೆಯುವುದನ್ನು ಇದ್ದ ಹಾಗೆ ಹೇಳುತ್ತೇನೆ.

ಕೌಂಟರಿನವರು ಪಾಸ್‌ಪೋರ್ಟ್, ಡಿಎಲ್, ಐಡಿಪಿ ಮೂರನ್ನೂ ಒಂದು ಟ್ರೇಯಲ್ಲಿ ಇಡಿಸಿಕೊಳ್ಳುತ್ತಾರೆ. ಮೊದಲು ನೋಡುವುದು ಹೊದಿಕೆಯ ಮೇಲಿನ 1949ರ ಇಸವಿಯನ್ನು. ಆಮೇಲೆ ಐಡಿಪಿ ಕೊಟ್ಟ ದಿನಾಂಕ, ಪಾಸ್‌ಪೋರ್ಟಿನಲ್ಲಿ ಜಪಾನಿಗೆ ಕಾಲಿಟ್ಟ ದಿನಾಂಕ. ಪುಸ್ತಿಕೆ ಚಾಲ್ತಿಯಲ್ಲಿರಬೇಕು ಮತ್ತು ಬಂದಿಳಿದು ಒಂದು ವರ್ಷ ಮೀರಿರಬಾರದು. ಕೊನೆಗೆ ಎ ಇಂದ ಇ ವರೆಗಿನ ವಾಹನದ ವರ್ಗಗಳಿರುವ ಪುಟಕ್ಕೆ ಬಂದು, ಕಾರಿಗೆ ಸಂಬಂಧಿಸಿದ ಬಿ ವರ್ಗದ ಎದುರು ಮೊಹರು ಇದೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ನನ್ನ ದೊಡ್ಡಪ್ಪನ ಮಗನ ಪುಸ್ತಿಕೆಯಲ್ಲಿ ಊರಿನ ಕಚೇರಿಯವರು ಆ ಜಾಗದಲ್ಲಿ ಮೊಹರು ಹಾಕುವುದನ್ನೇ ಮರೆತಿದ್ದರು. ಹುಡುಗಿ ಮೂರು ಸಲ ಬಾಗಿ ಕ್ಷಮೆ ಕೇಳಿದಳು, ಆದರೆ ಕಾರಿನ ಕೀಲಿ ಕೊಡಲಿಲ್ಲ. ಆ ದಿನ ಆರು ಜನ ಎಂಟು ಪೆಟ್ಟಿಗೆಗಳೊಂದಿಗೆ ಬಸ್ಸಿಗೆ ಕಾದೆವು. ಅರ್ಜಿ ಹಾಕಿ ಪುಸ್ತಿಕೆ ಕೈಗೆ ಬಂದ ಕ್ಷಣದಲ್ಲಿ, ಕೌಂಟರ್ ಬಿಟ್ಟು ಕದಲುವ ಮೊದಲು ಈ ಪುಟವನ್ನು ನೋಡಿಕೊಳ್ಳಿ ಎಂದು ಕೈಮುಗಿದು ಹೇಳುತ್ತೇನೆ.

ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ತೈವಾನ್ ಹೀಗೆ ಕೆಲವು ಕಡೆಯವರು ತಮ್ಮ ಪರವಾನಗಿಯ ಜಪಾನೀ ಅನುವಾದ ಇಟ್ಟುಕೊಂಡು ಓಡಿಸಬಹುದು. ಭಾರತ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ನಮಗೆ ಪ್ರವಾಸಿಗಳಾಗಿ ಐಡಿಪಿ ಬಿಟ್ಟು ಬೇರೆ ದಾರಿಯಿಲ್ಲ. ಇಲ್ಲೇ ನೆಲೆಸುವವರು ಊರಿನ ಪರವಾನಗಿಯನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಳ್ಳಬೇಕು. 2025ರ ಅಕ್ಟೋಬರ್‌ನಿಂದ ಅದರ ಲಿಖಿತ ಪರೀಕ್ಷೆಯನ್ನು 10 ಪ್ರಶ್ನೆಗಳಿಂದ 50ಕ್ಕೆ ಏರಿಸಿದ್ದಾರೆ.

ಇಬ್ಬರೂ ಓಡಿಸುವುದಾದರೆ ಬಾಡಿಗೆ ಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸಿ, ಇಲ್ಲದಿದ್ದರೆ ತಂದೆಯವರು ಸ್ಟಿಯರಿಂಗ್ ಹಿಡಿದಿರುವಾಗ ಏನಾದರೂ ಆದರೆ ವಿಮೆ ಅನ್ವಯಿಸುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಆಸನ ಕಡ್ಡಾಯ, ಅದನ್ನು ಕಾಯ್ದಿರಿಸುವಾಗಲೇ ಕೇಳಬೇಕು. ನಮ್ಮಂತೆಯೇ ಇಲ್ಲಿಯೂ ಎಡಬದಿಯ ಸಂಚಾರ, ಅದು ದೊಡ್ಡ ಸಮಾಧಾನ. ಆದರೆ ನಮ್ಮ ಕಣ್ಣಿಗೆ ರೂಢಿಯಿಲ್ಲದ ಎರಡು ವಿಷಯಗಳಿವೆ. ಕೆಂಪು ಬಣ್ಣದ ತಲೆಕೆಳಗಾದ ತ್ರಿಕೋನದಲ್ಲಿ ‘ತೊಮಾರೆ’ ಎಂದು ಬರೆದಿದ್ದರೆ, ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿ ಮುಂದೆ ಹೋದರೆ ಅದು ನಿಲ್ಲಿಸಿದಂತಲ್ಲ. ರೈಲ್ವೆ ಗೇಟು ತೆರೆದೇ ಇದ್ದರೂ ಹಳಿಯ ಮುಂದೆ ಹಾಗೆಯೇ ಒಮ್ಮೆ ನಿಂತು ಎರಡೂ ಕಡೆ ನೋಡಿ ದಾಟಬೇಕು. ಕೆಂಪು ದೀಪವಿದ್ದಾಗ ಎಡಕ್ಕೆ ತಿರುಗುವಂತಿಲ್ಲ. ಗೋಡೆಗೆ ಸಣ್ಣದಾಗಿ ತಾಗಿಸಿದರೂ ಪೊಲೀಸರಿಗೆ ತಿಳಿಸಬೇಕು, ಅವರ ದಾಖಲೆ ಇಲ್ಲದೆ ವಿಮೆ ಸಿಗುವುದಿಲ್ಲ.

ಹೊಕ್ಕೈಡೊದ ಎತ್ತರದ ಘಟ್ಟದ ರಸ್ತೆಗಳಲ್ಲಿ ಅಕ್ಟೋಬರ್ ಕೊನೆಯ ಹೊತ್ತಿಗೆ ಹಿಮ ಬೀಳಲು ಶುರುವಾಗಬಹುದು, ಕತ್ತಲೂ ಬೇಗ ಆಗುತ್ತದೆ. ಚಳಿಗಾಲದ ಟೈರು ಹಾಕಿದ್ದಾರೆಯೇ ಎಂದು ವಿಚಾರಿಸಿ, ಸಂಜೆ ನಾಲ್ಕರೊಳಗೆ ತಂಗುವ ಊರು ಸೇರಿಕೊಳ್ಳುವಂತೆ ಯೋಜನೆ ಮಾಡಿ.

ನೀಲಿ ಶಾಯಿ, ಕಲಬುರಗಿ

ಅಂತರ್ಜಾಲದಲ್ಲಿ ಹುಡುಕಿದಾಗ ಮೇಲೆಯೇ ಕಾಣಿಸುವ ಕೆಲವು ಜಾಲತಾಣಗಳ ಬಗ್ಗೆ ಎಚ್ಚರಿಕೆ ಹೇಳಬೇಕು. ನನ್ನ ತಮ್ಮ ಅಂಥ ಒಂದರಲ್ಲಿ ಡಾಲರ್ ಲೆಕ್ಕದಲ್ಲಿ ಹಣ ಕಟ್ಟಿ, ಫೋಟೋ ಕಳಿಸಿ, ಹತ್ತು ವರ್ಷ ನಡೆಯುತ್ತದೆ ಎಂದು ಬರೆದಿದ್ದ ಹೊಳೆಯುವ ಕಾರ್ಡೊಂದನ್ನು ಮನೆಗೆ ತರಿಸಿಕೊಂಡ. ಹತ್ತು ವರ್ಷದ ಐಡಿಪಿ ಯಾವ ಒಪ್ಪಂದದಲ್ಲಿಯೂ ಇಲ್ಲ. ಅದೃಷ್ಟಕ್ಕೆ ಹೊರಡುವ ಮೊದಲೇ ತಿಳಿಯಿತು. ಹಣ ಮರಳಿ ಬರಲಿಲ್ಲ.

ಕೆರೆದಂಡೆ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಹಿರಿಯರ ಮಾತಿನಂತೆ ತಂದೆಯವರ ಡಿಎಲ್ ಅನ್ನು ಮೊದಲು ನವೀಕರಿಸಿದೆವು, ನನ್ನ ಡಿಎಲ್‌ನಲ್ಲಿ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಿದೆ. ಹೊಸ ಕಾರ್ಡುಗಳು ಅಂಚೆಯಲ್ಲಿ ಬರುವವರೆಗೆ ಕಾಯಬೇಕಾಯಿತು. ಸಮಯ ಹೋದದ್ದು ಅದಕ್ಕೇ ಹೊರತು ಐಡಿಪಿಗಲ್ಲ. ಆಮೇಲೆ ಇಬ್ಬರ ಅರ್ಜಿಯನ್ನೂ ಒಂದೇ ಸಂಜೆ ಮನೆಯಲ್ಲಿ ಕುಳಿತು ಹಾಕಿದೆ. ಕೌಂಟರಿನಲ್ಲಿ ವೀಸಾ ಎಲ್ಲಿ ಎಂದು ಕೇಳಿದರು. 2021ರ ಜನವರಿ 7ರ ಅಧಿಸೂಚನೆ ಎಂದು ಹೇಳಿದಾಗ ಒಳಗೆ ಹೋಗಿ ಮೇಲಧಿಕಾರಿಯನ್ನು ವಿಚಾರಿಸಿ ಬಂದು, ಮರುಮಾತಿಲ್ಲದೆ ಅರ್ಜಿ ತೆಗೆದುಕೊಂಡರು.

ಪುಸ್ತಿಕೆ ಕೈಗೆ ಕೊಟ್ಟಾಗ ಯೊಕೊಹಾಮಾದ ಅಕ್ಕ ಹೇಳಿದ್ದು ನೆನಪಾಗಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಪುಟಪುಟವನ್ನೂ ನೋಡಿದೆವು. ಹೊದಿಕೆಯಲ್ಲಿ 1949 ಇತ್ತು, ಬಿ ವರ್ಗದ ಎದುರು ಇಬ್ಬರಿಗೂ ಮೊಹರು ಬಿದ್ದಿತ್ತು. ಆದರೆ ತಂದೆಯವರ ಪುಸ್ತಿಕೆಯಲ್ಲಿ ಹುಟ್ಟಿದ ಊರು ಅರಕಲಗೂಡು ಎಂದಿರಬೇಕಾದಲ್ಲಿ ಮೈಸೂರು ಎಂದು ಅಚ್ಚಾಗಿತ್ತು. ಪಾಸ್‌ಪೋರ್ಟ್ ತೋರಿಸಿದ ಮೇಲೆ ಅದನ್ನು ಹಿಂದಕ್ಕೆ ಪಡೆದು, ಮಧ್ಯಾಹ್ನ ಊಟದ ಬಿಡುವಿನ ನಂತರ ಬೇರೆಯದನ್ನು ಮುದ್ರಿಸಿ ಕೊಟ್ಟರು. ತಂದೆಯವರು ಅದನ್ನು ಹಿಡಿದುಕೊಂಡು, ಫ್ರೆಂಚ್, ಅರಬ್ಬಿ, ರಷ್ಯನ್ ಅಕ್ಷರಗಳ ಪುಟಗಳನ್ನು ದಾರಿಯುದ್ದಕ್ಕೂ ತಿರುವಿ ನೋಡುತ್ತಾ ಬಂದರು.

ವೀಸಾ ನಿನ್ನೆ ಬಂದಿದೆ. ಸಪ್ಪೊರೊ ವಿಮಾನ ನಿಲ್ದಾಣದಲ್ಲಿ ಮಕ್ಕಳ ಆಸನ, ಚಳಿಗಾಲದ ಟೈರು ಎರಡೂ ಸೇರಿದಂತೆ ಕಾರನ್ನು ಇಬ್ಬರ ಹೆಸರಿನಲ್ಲಿಯೂ ಕಾಯ್ದಿರಿಸಿದ್ದೇವೆ. ‘ತೊಮಾರೆ’ ಫಲಕದ ಚಿತ್ರವನ್ನು ಮಗಳು ಬಿಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಅಜ್ಜ ಅದರ ಮುಂದೆ ಹಾದುಹೋಗುವಾಗಲೆಲ್ಲ ನಿಲ್ಲಬೇಕೆಂಬುದು ಅವಳ ಕಟ್ಟುನಿಟ್ಟು.